ಉಗ್ರಾಣದ ಕಿಟಕಿ

ಹಿಂದಿನ ಕಾಲಕ್ಕೆ ಹೋಗುವುದು ಅಂಥ ಕಷ್ಟವೇನಲ್ಲ ಎಂದುಕೊಂಡಿದ್ದೆ. ಒಳಗೆ ಹೋಗಲು ಒಂದು ಬಾಗಿಲು, ಹೊರಗೆ ಬರಲು ಒಂದು ಕಿಟಕಿ. ಸಾಕು!

ಗಾವಡಗೆರೆ ಹತ್ತಿರ ನಾನು ಓದಿದ ಉಚಿತ ಹಾಸ್ಟೆಲ್ಲನ್ನು ಮುಚ್ಚಲು ಸಮಿತಿಯವರು ಯೋಚಿಸುತ್ತಿದ್ದರು. ಮುಚ್ಚಿದರೆ ಅಲ್ಲಿ ಉಳಿದಿರುವ ಹತ್ತಾರು ಹುಡುಗರ ಓದಿಗೂ ಬೀಗ. ಕೋಟೆ ತಾಲ್ಲೂಕಿನ ಅವರ ಊರುಗಳಿಂದ ಹೈಸ್ಕೂಲಿಗೆ ಬಸ್ಸಿಲ್ಲ. "ಕಟ್ಟಡ ಗಟ್ಟಿಯಾಗಿದೆ, ಜನ ಬತ್ತಾರೆ ಅಂತ ತೋರ್ಸಿ. ಆಮೇಲೆ ನೋಡಾನ" ಎಂದರು ಅಧ್ಯಕ್ಷರು.

ಜನ ಸೇರಲೆಂದು, ಹಾಸ್ಟೆಲ್ಲಿನ ಅಂಗಳದಲ್ಲೇ ಆಡಿಸಲು ನಾನು ಮಕ್ಕಳ ನಾಟಕ ಬರೆದೆ. ಹುಡುಗರು ಹಿಂದಿನ ಕಾಲಕ್ಕೆ ಹೋಗಿ, ಹಳೆಯ ವಾರ್ಡನ್ನರನ್ನು ಉಗ್ರಾಣದಲ್ಲಿ ಕೂಡಿಹಾಕುತ್ತಾರೆ. ಹಿಂಬದಿಯ ಕಿಟಕಿಯಿಂದ ಇಳಿದ ವಾರ್ಡನ್ ಪ್ರೇಕ್ಷಕರ ಬೆನ್ನ ಹಿಂದೆ ಪ್ರತ್ಯಕ್ಷರಾಗುತ್ತಾರೆ. ಕಾಲ ತಲೆಕೆಳಗು! ವಾರ್ಡನ್ ಪಾತ್ರ ನನ್ನದು.

ಮಿರ್ಲೆಯಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಹಾಸ್ಟೆಲ್ ಗೆಳೆಯ ಪುಟ್ಟಸ್ವಾಮಿ ತಕರಾರು ತೆಗೆದ.

"ಉಗ್ರಾಣಕ್ಕೆ ಕಿಟ್ಕಿ ಎಲ್ಲಿತ್ಲಾ?"

"ಇತ್ತು ಕಣೋ. ಅದರಿಂದಲೇ ಅಲ್ಲವಾ ಬೆಲ್ಲ ಕದ್ದದ್ದು?"

"ಕಿಟ್ಕಿ ಇದ್ದಿದ್ರೆ ಕೀಲಿಕೈ ಎಗರ್ಸಕ್ಕೆ ವಾರ್ಡನ್ನು ನಿದ್ದೆ ಮಾಡೋಗಂಟ ಯಾಕ್ಲಾ ಕಾಯ್ತಿದ್ವಿ? ಓಗಿ ನೋಡು ಒಂದ್ಸಲ."

ನೋಡಬಹುದಿತ್ತು. ಆದರೆ ನೆನಪಿರುವವನು ಹೋಗಿ ನೋಡುತ್ತಾನೆಯೇ? ನೆನಪನ್ನು ನಂಬಬೇಡಿ ಎಂದು ಎಷ್ಟೋ ಕಥೆ ಬರೆದವನು ನಾನು. ನಂಬಬಾರದ್ದು ಬೇರೆಯವರ ನೆನಪನ್ನು ಅಂತ!

ನಾಟಕದ ದಿನ ಪಂಚೆ ಉಟ್ಟು, ಉಗ್ರಾಣದ ಕೀಲಿಕೈಯನ್ನು ಉಡಿದಾರಕ್ಕೆ ಬಿಗಿದುಕೊಂಡೆ. ನಮ್ಮ ವಾರ್ಡನ್ ಹಾಗೇ ಕಟ್ಟಿಕೊಳ್ಳುತ್ತಿದ್ದರು; ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಹುಡುಗರು ನನ್ನನ್ನು ಒಳಗೆ ತಳ್ಳಿ ಬೀಗ ಒತ್ತಿದರು. ಟಕ್! ಕತ್ತಲಲ್ಲಿ ಮುರಿದ ಮಂಚಗಳನ್ನು ದಾಟಿ ಹಿಂದಿನ ಗೋಡೆ ಮುಟ್ಟಿದೆ.

ಗೋಡೆ. ಬರೀ ಗೋಡೆ.

ಎಡಕ್ಕೆ ತಡವಿದೆ, ಬಲಕ್ಕೆ ತಡವಿದೆ. ನನ್ನ ಬಾಲ್ಯದಲ್ಲಿ ಒಂದು ಕಿಟಕಿ ಕಡಿಮೆ ಇತ್ತು.

ಬಾಗಿಲು ಬಡಿದೆ. ಹೊರಗೆ ಚಪ್ಪಾಳೆ! ಕೂಗಿದೆ. ಇನ್ನಷ್ಟು ಚಪ್ಪಾಳೆ. ಆಮೇಲೆ ಸದ್ದಿಲ್ಲ. ನನ್ನ ಹಿಂದಿನ ನಾಟಕಗಳನ್ನು ನೋಡಿದ್ದವರು, ಇವನದು ಅರ್ಥವಾಗದಿರುವುದೇ ಕ್ರಮ ಎಂದು ತಾಳ್ಮೆಯಿಂದ ಕೂತಿದ್ದರಂತೆ. ಕೊನೆಗೆ ಬಾಗಿಲ ಬಳಿ ಬಂದವಳು ನನ್ನ ಹೆಂಡತಿ ಸುಮ.

"ರೀ, ಕೀಲಿಕೈ ಎಲ್ಲಿ?"

"ನನ್ನ ಸೊಂಟದಲ್ಲಿ."

"ನೀವೆಲ್ಲಿ?"

"ಒಳಗೆ."

ಆಕೆ ಬಾಗಿಲ ಬುಡ ತಟ್ಟಿದಳು. "ಕೆಳಗಿಂದ ತೂರ್ಸಿ."

ಇಲಿ ನುಗ್ಗದಂತೆ ಬಾಗಿಲಡಿಗೆ ತಗಡು ಹೊಡೆದಿದ್ದರು. ಮೇಲೆ ಮರದ ಅಟ್ಟ. ರಾಗಿ ಕಾಯುವುದಕ್ಕೆ ಇಷ್ಟು ಶ್ರದ್ಧೆ ಬೇಕಿತ್ತೇ?

ಕಲ್ಲಿನಿಂದ ಜಜ್ಜಿದರೂ ಬೀಗ ಜಗ್ಗಲಿಲ್ಲ. ಬಾಗಿಲು ಹಲಸಿನ ಮರದ್ದು, ಗುದ್ದಿದವರ ಭುಜವೇ ನೊಂದಿತು. ಪುಟ್ಟಸ್ವಾಮಿ ಹಾರೆ ತಂದು ಹಿಂದಿನ ಗೋಡೆಗೆ ಹೋದ. "ಕಲ್ಗೋಡೆ, ಒತ್ತಾಯ್ತದೆ. ತಡ್ಕೊ" ಎಂದ.

ಹೊತ್ತೇನೂ ಆಗಲಿಲ್ಲ. ಮೂರನೆಯ ಏಟಿಗೆ ಹಾರೆ ಒಳಗೆ ಬಂತು. ಅದರ ಹಿಂದೆಯೇ ಮೊಣಕಾಲುದ್ದ ಮಣ್ಣು ಬಂತು. ಸುಣ್ಣದ ಗಾರೆಯೊಳಗೆ ಇದ್ದದ್ದು ಗೆದ್ದಲು ತಿಂದ ಮಣ್ಣಿನ ಗೋಡೆ. ತಲೆ ತುಂಬ ಧೂಳು ಹೊತ್ತು, ನಾನು ಬರೆದಂತೆಯೇ, ಹಿಂಬದಿಯಿಂದ ಹೊರಬಂದೆ. ಚಪ್ಪಾಳೆ ಬರಲಿಲ್ಲ.

ನಾಟಕ ನೋಡಲು ಬಂದಿದ್ದ ಅಧ್ಯಕ್ಷರು ಇನ್ನೊಂದು ಹೆಂಟೆ ಕಿತ್ತು, ಕೈಯಲ್ಲೇ ಪುಡಿ ಮಾಡಿ ನೋಡಿದರು.

"ಇದ್ರೊಳ್ಗೆ ಮಕ್ಳ ಮಲಗುಸ್ತಿದ್ವಲ್ರೀ! ಒಳ್ಳೇದೇ ತೋರುಸ್ಬುಟ್ರಿ. ನಾಳೇನೇ ಖಾಲಿ ಮಾಡ್ಸನ."

ಅವರನ್ನು ಬೈಯುವಂತೆಯೂ ಇಲ್ಲ. ಅವರು ಹೇಳಿದ್ದು ಸರಿಯಾಗಿತ್ತು.

ಮಾರನೆಯ ದಿನ ಹುಡುಗರು ಟ್ರಂಕು ಹೊತ್ತು ತಮ್ಮ ಊರ ದಾರಿಯ ಹ್ಯಾಂಡ್‌ಪೋಸ್ಟ್ ಕಡೆಗೆ ಹೋಗುವ ವ್ಯಾನು ಹತ್ತಿದರು. ನಾಟಕದಲ್ಲಿ ಬೀಗ ಒತ್ತಿದ್ದ ಹುಡುಗ ಕೇಳಿದ: "ಸಾ, ನಾಟ್ಕ ಇನ್ನೂ ಐತಾ, ಮುಗೀತಾ?"

ಅವನ ಟ್ರಂಕನ್ನು ಒಳಕ್ಕೆ ತಳ್ಳಿದೆ. ವ್ಯಾನು ಹೊರಟಿತು.

ಪುಟ್ಟಸ್ವಾಮಿ ಹಾರೆಯ ಮಣ್ಣು ಒರೆಸುತ್ತಿದ್ದ. "ಬುಡ್ಲಾ. ಕಿಟ್ಕಿ ವಿಸ್ಯದಲ್ಲಿ ನೀನೇ ಗೆದ್ದೆ."

ಹೌದು. ಈಗ ಯಾರು ಕೇಳಿದರೂ ಧೈರ್ಯವಾಗಿ ಹೇಳುತ್ತೇನೆ: ಉಗ್ರಾಣಕ್ಕೆ ಹಿಂದುಗಡೆ ದೊಡ್ಡ ಕಿಟಕಿ ಇದೆ, ಅನುಮಾನವಿದ್ದರೆ ಹೋಗಿ ನೋಡಿ. ಹಾಸ್ಟೆಲ್ ಮಾತ್ರ ಇಲ್ಲ!