ಹತ್ತು ಚೀಲ ಜೋಳದ ಸ್ಟುಡಿಯೋ

ಮನುಷ್ಯನಿಗೆ ತನ್ನ ಬುದ್ಧಿಯ ಮೇಲೆ ಆಗಾಗ ಅನುಮಾನ ಬರುತ್ತದೆ. ಮುಖದ ಮೇಲಂತೂ ಕನ್ನಡಿ ನೋಡಿದಾಗಲೆಲ್ಲ ಬರುತ್ತದೆ. ಆದರೆ ತನ್ನ ಕಿವಿಯ ಮೇಲೆ ಅನುಮಾನಪಟ್ಟವರನ್ನು ನಾನು ಈವರೆಗೆ ಕಂಡಿಲ್ಲ. ನಾನೂ ಪಟ್ಟವನಲ್ಲ. ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಹಿಡಿಯುವ ಕಿವಿ ನನ್ನದು ಎಂದು ಶಹಾಪುರದಿಂದ ಸುರಪುರದವರೆಗೆ ಹೇಳಿಕೊಂಡು ತಿರುಗಿದವನು ನಾನು. ಕೇಳಿದವರೂ ಪಾಪ, ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದ್ದಾರೆ. ಇದೇ ಕಿವಿ ಈ ವರ್ಷ ನನ್ನ ಮಾನ ಕಳೆದ ಕಥೆಯನ್ನು ಈಗ ಹೇಳಿಬಿಡುತ್ತೇನೆ. ಕೊನೆಗೆ ಗೆದ್ದವನು ನಾನೇ ಆದ್ದರಿಂದ ಹೇಳಲು ನಾಚಿಕೆಯೇನೂ ಇಲ್ಲ.

ನಾನು ಕಾಲುವೆ ಕಚೇರಿಯಲ್ಲಿ ಗುಮಾಸ್ತ. ಇಂಥ ದಿನ ನೀರು ಬಿಡಲಾಗುವುದು, ಇಂಥ ದಿನ ನಿಲ್ಲಿಸಲಾಗುವುದು ಎಂಬ ಪತ್ರಗಳನ್ನು ಬೆರಳಚ್ಚು ಮಾಡುವವನು. ಸಹಿ ಸಾಹೇಬರದು, ಬೈಗುಳ ನನ್ನದು. ನಮ್ಮ ಕ್ವಾರ್ಟರ್ಸು ಕಾಲುವೆಯ ದಂಡೆಯ ಮೇಲೆಯೇ ಇದೆ. ಸಂಜೆ ಮನೆಗೆ ಬಂದವನೇ ಹಾರ್ಮೋನಿಯಂ ಎಳೆದುಕೊಂಡು ಕೂತು, ನಾನೇ ಕಟ್ಟಿದ ಪದಗಳನ್ನು ಹಾಡಿ ಫೋನಿನಲ್ಲಿ ರೆಕಾರ್ಡು ಮಾಡಿ ನೆಂಟರಿಷ್ಟರಿಗೆಲ್ಲ ಕಳಿಸುವುದು ನನ್ನ ಹವ್ಯಾಸ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಿ ಎಲ್ಲರೂ ಚಲೋ ಬಂದದ ಎನ್ನುತ್ತಿದ್ದರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಇಂದಿಗೂ ಸುಖವಾಗಿರುತ್ತಿದ್ದೆ. ಆದರೆ ಹೊಗಳಿಕೆ ತಲೆಗೇರಿತು. ಸರಿಯಾದ ಮೈಕು, ಹೆಡ್‌ಫೋನು, ಸ್ಟುಡಿಯೋ ಮಾನಿಟರು ಎಂಬ ಜೋಡಿ ಸ್ಪೀಕರು ಇಟ್ಟುಕೊಂಡು ಹಿತ್ತಿಲ ಖೋಲಿಯನ್ನೇ ಸ್ಟುಡಿಯೋ ಮಾಡಬೇಕೆಂದು ಹಟ ಹಿಡಿದೆ.

ಖೋಲಿ ಸಿಗುವುದು ಸುಲಭವಿರಲಿಲ್ಲ. ಅದರ ಮೇಲೆ ನನ್ನ ಹೆಂಡತಿ ಮಹಾದೇವಿಯ ಕಣ್ಣಿತ್ತು. ಅವಳ ತವರು ಸಗರ. ಅಲ್ಲಿಂದ ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ಅವಳ ತಮ್ಮ ಸಿದ್ದಣ್ಣ ಜೋಳದ ಚೀಲ ತಂದು ಇಳಿಸುತ್ತಾನೆ. ಆ ಚೀಲಗಳು ವರ್ಷವಿಡೀ ಪಡಸಾಲೆಯಲ್ಲಿ ಕೂತು, ಬಂದವರ ಕಾಲಿಗೆಲ್ಲ ತಾಗುತ್ತಿದ್ದವು. ಅವಕ್ಕೊಂದು ನೆಲೆ ಕಾಣಿಸಬೇಕು ಎಂಬುದು ಅವಳ ಎಷ್ಟೋ ವರ್ಷದ ಆಸೆ.

"ನೋಡ್ರೀ," ಎಂದಳು ಸೊಂಟದ ಮೇಲೆ ಕೈಯಿಟ್ಟು, "ಯುಗಾದಿಗೆ ನನ್ನ ತಮ್ಮ ಜ್ವಾಳ ತರ್ತಾನ. ಅಷ್ಟರಾಗ ನೀವು ಒಂದರ ಪದ ನೆಟ್ಟಗ ಮಾಡಿ ನನಗ ಕೇಳಿಸ್ರಿ, ಖೋಲಿ ನಿಮ್ದು. ಇಲ್ಲಾಂದ್ರ ಖೋಲಿ ಜ್ವಾಳದ್ದು. ಆಮ್ಯಾಲೆ ಮಾರಿ ಸಣ್ಣ ಮಾಡಬಾರದು." ನಾನು ನಕ್ಕುಬಿಟ್ಟೆ. ಯುಗಾದಿಗೆ ಇನ್ನೂ ಎರಡು ತಿಂಗಳಿತ್ತು.

ಸಾಮಾನು ಆರಿಸಲು ಯಾರನ್ನಾದರೂ ಕೇಳಬೇಕಲ್ಲ? ಸುರಪುರದ ಖಾಜಾಸಾಬರು ನನ್ನ ಹಳೆಯ ದೋಸ್ತರು. ಮದುವೆ, ಉರುಸುಗಳಿಗೆ ಮೈಕ್ ಸೆಟ್ಟು ಬಾಡಿಗೆಗೆ ಕೊಡುವವರು. ಅವರ ಲೆಕ್ಕದಲ್ಲಿ ಒಳ್ಳೆಯ ಸ್ಪೀಕರು ಎಂದರೆ ಇಲ್ಲಿ ಹಚ್ಚಿದರೆ ಮುಂದಿನ ಊರಿನ ಎಮ್ಮೆ ಕಿವಿ ನಿಮಿರಿಸಬೇಕು. ಸ್ಟುಡಿಯೋ ಮಾನಿಟರು ಒಂದೇ ಕುರ್ಚಿಯ ಕಡೆಗೆ ಮುಖ ಮಾಡಿ, ಅಲ್ಲಿ ಕೂತ ಒಬ್ಬನೇ ಒಬ್ಬನಿಗೆ ಸರಿಯಾಗಿ ಕೇಳಿಸುತ್ತದೆ ಎಂದು ನಾನು ವಿವರಿಸಿದಾಗ ಅವರಿಗೆ ದಿಗಿಲೇ ಆಯಿತು. "ಒಬ್ಬನಿಗೇ? ತೌಬಾ! ಅದಕ್ಕ ಸ್ಪೀಕರ್ ಯಾಕ್ ಬೇಕ್ರಿ ಸಾಹೇಬ್ರ, ನೀವು ಅವನ ಕಿವ್ಯಾಗ ಹೇಳಿದ್ರ ಆಗಂಗಿಲ್ಲೇನು?" ಎಂದರು. ಇವರಿಂದ ಆಗುವುದಿಲ್ಲವೆಂದು ನಾನೊಬ್ಬನೇ ಯಾದಗಿರಿಗೆ ಬಸ್ಸು ಹತ್ತಿದೆ.

ಯಾದಗಿರಿಯ ಅಂಗಡಿಯವನು ತಿಳಿದವನು. ಹೆಡ್‌ಫೋನಿನಲ್ಲಿ ಎರಡು ಜಾತಿ ಎಂದ. ಒಂದರ ಬೆನ್ನು ಪೂರ್ತಿ ಮುಚ್ಚಿರುತ್ತದೆ, ಹೊರಗಿನದು ಒಳಗೆ ಬಾರದು, ಒಳಗಿನದು ಹೊರಗೆ ಹೋಗದು. ಇನ್ನೊಂದರ ಬೆನ್ನಿಗೆ ಜರಡಿಯಂತೆ ತೂತು, ಹಾಡು ಬಯಲಲ್ಲಿ ಕೂತು ಕೇಳಿದಂತಿರುತ್ತದೆ. ಹಾಡುತ್ತ ರೆಕಾರ್ಡು ಮಾಡುವವರಿಗೆ ಮುಚ್ಚಿದ್ದೇ ಸರಿಯಂತೆ. ನಾನು ಹಾಡಿಗೆ ಮೆರುಗು ಕೊಡುವಂಥದ್ದನ್ನೇ ತೋರಿಸು ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿ, "ಮೆರುಗು ಕೊಡೋದು ಬ್ಯಾಡ್ರಿ. ಇದ್ದದ್ದು ಇದ್ದಂಗ ಹೇಳೋದು ತಗೋರಿ. ತಪ್ಪಿದ್ರ ತಪ್ಪು ಅಂತ ಮಾರಿ ಮ್ಯಾಲೆ ಹೇಳ್ತದ," ಎಂದ. ಅಂಥದ್ದೊಂದು ನಮ್ಮ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದೆಯಪ್ಪಾ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಬೆನ್ನು ಮುಚ್ಚಿದ್ದನ್ನೇ, ಜೊತೆಗೊಂದು ಮೈಕನ್ನೂ ಕಟ್ಟಿಸಿಕೊಂಡು ಬಂದೆ.

ಬಂದವನೇ ನಾನು ಹೊಸದಾಗಿ ಕಟ್ಟಿದ ಪದವನ್ನು ರೆಕಾರ್ಡು ಮಾಡಿದೆ. ಮೌನದ ಮಹಿಮೆಯನ್ನು ಸಾರುವ ಪದ. ಹೆಡ್‌ಫೋನು ಏರಿಸಿ ಕೇಳಿದರೆ ನನ್ನ ದನಿಯ ಅಡಿಯಲ್ಲಿ "ಹೋ..." ಎಂದು ಒಂದು ಮೊರೆತ. ಹಾಡಿನ ಮೊದಲೂ ಅದೇ, ನಡುವೆಯೂ ಅದೇ, ಮುಗಿದ ಮೇಲೂ ಅದೇ. ಮೌನದ ಮಹಿಮೆ ಎಂದು ನಾನು ಎಳೆದು ನಿಲ್ಲಿಸಿದ ಜಾಗದಲ್ಲಂತೂ ಅದರದ್ದೇ ಕಾರುಬಾರು.

ಹೆಡ್‌ಫೋನು ಖೊಟ್ಟಿ ಎಂದು ಯಾದಗಿರಿಗೆ ಹೋಗಿ ಜಗಳ ತೆಗೆದೆ. ಅಂಗಡಿಯವನು ತನ್ನ ಹಾಡುಗಳನ್ನು ಹಾಕಿ ಕೇಳಿಸಿದ, ಮೊರೆತವಿಲ್ಲ. ಆದರೂ ನನ್ನ ಗಂಟಲು ದೊಡ್ಡದಾದದ್ದು ನೋಡಿ ಬೇರೆ ಜೋಡಿ ಕೊಟ್ಟ. ಮನೆಗೆ ತಂದು ನನ್ನ ಪದ ಕೇಳಿದರೆ ಮತ್ತೆ "ಹೋ...". ಹಾಗಾದರೆ ಹೆಡ್‌ಫೋನಿನ ಸಹವಾಸವೇ ಬೇಡವೆಂದು ಸ್ಟುಡಿಯೋ ಮಾನಿಟರು ತಂದೆ. ಅವನ್ನು ಕಿವಿಯ ಎತ್ತರಕ್ಕೆ ಇಡಬೇಕಂತೆ, ಅದಕ್ಕಾಗಿ ಅಡುಗೆಮನೆಯ ಎರಡು ದೊಡ್ಡ ಡಬ್ಬಿ ಕದ್ದು ಅವುಗಳ ಮೇಲೆ ಕೂಡಿಸಿದೆ. ಮೊದಲು ಕಿವಿಯೊಳಗಿದ್ದ ಮೊರೆತ ಈಗ ಖೋಲಿಯ ತುಂಬ ಎದ್ದು ನಿಂತಿತು.

ಬೇರೆ ದಾರಿ ಕಾಣದೆ ಖಾಜಾಸಾಬರನ್ನೇ ಕರೆಸಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಸಾಮಾನು ಅಸಲಿ ಅದಾವ್ರಿ. ನಿಮ್ಮ ಮನಿ ಅರ್ಥಿಂಗ್ ಖರಾಬ್ ಆಗ್ಯಾದ," ಎಂದರು. ಅದು ನಂಬುವಂಥ ಮಾತೇ. ಒಂದು ಭಾನುವಾರ ಇಬ್ಬರೂ ಹಿತ್ತಿಲಲ್ಲಿ ಆಳುದ್ದ ಗುಂಡಿ ತೋಡಿ, ತಾಮ್ರದ ತಗಡು ಇಳಿಸಿ, ಮೇಲೆ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಹಾಕಿ ಮುಚ್ಚಿ, ನಾಲ್ಕು ಕೊಡ ನೀರು ಹೊಯ್ದೆವು. ನಂತರ ಪದ ಹಚ್ಚಿದೆವು. ಮೊರೆತಕ್ಕೆ ಕೂದಲೂ ಕೊಂಕಿರಲಿಲ್ಲ.

ಚಹಾ ತಂದ ಮಹಾದೇವಿ ಬಾಗಿಲಲ್ಲೇ ನಿಂತು ಕೇಳಿದಳು. "ಇದಕ್ಕ ಇಷ್ಟ ದಿನಾ ಬಡದಾಡಾಕತ್ತೀರೇನ್ರೀ? ಅದು ಕಾಲುವಿ ಅಲ್ಲೇನು?"

ನಮ್ಮ ಮನೆಯಿಂದ ಕೂಗಳತೆಯಲ್ಲಿ ಕಾಲುವೆಯ ನೀರು ಒಂದಾಳು ಕೆಳಕ್ಕೆ ಧುಮುಕುತ್ತದೆ. ಅಲ್ಲಿ ಭೋರ್ಗರೆತ ಹಗಲೂ ಇರುಳೂ ಇದ್ದದ್ದೇ.

"ನಿನಗ ಕೇಳ್ತದೇನು?" ಎಂದೆ.

"ಕೇಳದಂಗ ಏನಾಗ್ಯಾದ? ಮದಿವಿ ಆಗಿ ಬಂದಾಗ ಮೂರು ದಿನ ನಿದ್ದಿ ಹತ್ತಿರಲಿಲ್ಲ ನನಗ. ನಿಮಗ ಹೇಳಿದ್ದೆ. ಯಾವ ಸಪ್ಪಳ ಅಂದ್ರಿ."

ಇಪ್ಪತ್ತೆರಡು ವರ್ಷ ಕಾಲುವೆಯಲ್ಲಿ ನೀರು ಹರಿಯುತ್ತಿದೆ ಎಂದು ದಿನವೂ ರಿಜಿಸ್ಟರಿನಲ್ಲಿ ಬರೆದವನು ನಾನು. ಅದು ಹರಿಯುವ ಸದ್ದು ಮಾತ್ರ ನನಗೆ ಕೇಳಿಸಿರಲಿಲ್ಲ. ಕೂದಲೆಳೆ ಶ್ರುತಿ ಹಿಡಿಯುವ ಕಿವಿ! ಖಾಜಾಸಾಬರು ಬಾಯಿಗೆ ಟವೆಲು ಒತ್ತಿಕೊಂಡು ಹಿತ್ತಿಲಿಗೆ ಓಡಿದರು. ಆ ಗುಂಡಿಯನ್ನು ಅಷ್ಟು ಬೇಗ ಮುಚ್ಚಬಾರದಿತ್ತು, ನಾನೇ ಇಳಿಯುತ್ತಿದ್ದೆ.

ಆದರೆ ಕಾಲುವೆಯ ಗುಟ್ಟು ಗುಮಾಸ್ತನಿಗಲ್ಲದೆ ಇನ್ನಾರಿಗೆ ಗೊತ್ತು? ನೀರು ನಿಲ್ಲಿಸುವ ಪತ್ರ ನನ್ನ ಮೇಜಿನ ಮೇಲೆಯೇ ಇತ್ತು. ಯುಗಾದಿಗೆ ಎಂಟು ದಿನ ಮುಂಚೆ ಕಾಲುವೆ ಬಂದ್ ಆಗುತ್ತದೆ. ಅಂದೇ ರೆಕಾರ್ಡು, ಅಂದೇ ಜಯ. ಇಡೀ ತಾಲ್ಲೂಕು ನೀರು ಬರಲಿ ಎಂದು ಬೇಡುವಾಗ ನಾನೊಬ್ಬ ನಿಲ್ಲಲಿ ಎಂದು ದಿನ ಎಣಿಸುತ್ತಿದ್ದೆ. ಪಾಪವೇ, ಒಪ್ಪಿಕೊಳ್ಳುತ್ತೇನೆ.

ಪಾಪ ಬೇಗನೆ ಫಲ ಕೊಟ್ಟಿತು. ಸಗರದ ರೈತರು ಗುಂಪಾಗಿ ಕಚೇರಿಗೆ ಬಂದರು. ಮುಂದೆ ನಿಂತವನು ನನ್ನ ಭಾವಮೈದುನ ಸಿದ್ದಣ್ಣ. ನಮ್ಮ ಕಡೆ ಅಕ್ಕನ ಗಂಡನೂ ಮಾವನೇ. "ಮಾವಾ, ಶೇಂಗಾ ಕಾಯಿ ಕಟ್ಟಾಕತ್ತಾವ. ಇನ್ನೊಂದು ಸಲ ನೀರು ಹಾಯ್ಸಿದ್ರ ಬದಕ್ತಾವ, ಇಲ್ಲಾಂದ್ರ ಬರೇ ಸಿಪ್ಪಿ. ಹನ್ನೆರಡು ದಿನ ಮುಂದ ಹಾಕಿಸ್ರಿ, ನಿಮ್ಮ ಕಾಲಿಗಿ ಬೀಳ್ತೀನಿ," ಎಂದ. ಅವನ ಕಣ್ಣಿನಲ್ಲಿ ನೀರಿತ್ತು. ಸಾಹೇಬರು ಅರ್ಜಿ ಓದಿ ನನ್ನತ್ತ ತಿರುಗಿ, "ಏನಂತೀರಿ? ಕೊಡಬಹುದಾ?" ಎಂದರು. ಬೇಡ ಎಂಬ ಎರಡಕ್ಷರ ನಾಲಗೆಯ ತುದಿಗೆ ಬಂದು ಕೂತಿತ್ತು, ಸುಳ್ಳು ಹೇಳುವುದಿಲ್ಲ. ಕೊಡಬಹುದ್ರಿ ಎಂದೆ. ಯುಗಾದಿ ದಾಟಿ ನಾಲ್ಕು ದಿನದವರೆಗೆ ನೀರು ಮುಂದುವರಿಸುವ ಪತ್ರವನ್ನು ನನ್ನ ಕೈಯಿಂದಲೇ ಬೆರಳಚ್ಚು ಮಾಡಿದೆ. ನನ್ನ ಖೋಲಿಯ ಮರಣಪತ್ರದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಯುಗಾದಿಯ ಹಿಂದಿನ ದಿನ ಕಚೇರಿಯಿಂದ ಮನೆಗೆ ಬಂದರೆ ಅಂಗಳದಲ್ಲಿ ಟ್ರ್ಯಾಕ್ಟರು. ಪ್ರತಿ ವರ್ಷ ಐದು ಚೀಲ ತರುತ್ತಿದ್ದ ಸಿದ್ದಣ್ಣ ನೀರು ಕೊಡಿಸಿದ ಮಾವನಿಗೆಂದು ಈ ಸಲ ಹತ್ತು ತಂದಿದ್ದ. ಮಹಾದೇವಿ ಆಗಲೇ ಅವನ್ನು ಖೋಲಿಗೆ ಸಾಗಿಸಿಯಾಗಿತ್ತು. ಕಾಲುವೆ ಕಡೆಯ ಗೋಡೆಗೆ ಒತ್ತಿ, ಕಿಟಕಿ ಮುಚ್ಚಿ, ಅಕ್ಕ ತಮ್ಮ ಸೇರಿ ನನ್ನೆತ್ತರಕ್ಕೆ ಒಟ್ಟಿದ್ದರು. ನನ್ನ ಮಾನಿಟರುಗಳು ಡಬ್ಬಿ ಕಳೆದುಕೊಂಡು ಮೂಲೆಯಲ್ಲಿ ಕೂತಿದ್ದವು. "ಇನ್ನಾ ಒಂದು ದಿನ ಇತ್ತಲ್ಲಾ," ಎಂದೆ. "ಯುಗಾದಿ ಒಳಗ ಅಂದಿದ್ದೆ, ಖರೆ. ಅಲ್ಲೀತನಕ ಚೀಲ ಅಂಗಳದಾಗ ಮಲಗಿಸ್ಲೇನು?" ಎಂದಳು.

ಖೋಲಿಗೆ ವಿದಾಯವನ್ನಾದರೂ ಹೇಳೋಣವೆಂದು ಬಾಗಿಲು ಹಾಕಿಕೊಂಡು, ಹಾರ್ಮೋನಿಯಂ ಎದೆಗೊತ್ತಿ, ಮೌನದ ಪದವನ್ನೇ ಮತ್ತೊಮ್ಮೆ ಹಾಡಿದೆ. ಹೆಡ್‌ಫೋನು ಹಾಕಿ ಕೇಳಿದೆ. ಮೊದಲು ಏನೂ ಕೇಳಿಸಲಿಲ್ಲ. ಹೋಯಿತು, ಇದೂ ಕೆಟ್ಟಿತು ಎಂದುಕೊಂಡೆ. ಅಷ್ಟರಲ್ಲಿ ನನ್ನ ದನಿ ಬಂತು. ಬರೀ ನನ್ನ ದನಿ! ಕೆಳಗೆ ಮೊರೆತವಿಲ್ಲ, ಮೇಲೆ ಮೊರೆತವಿಲ್ಲ. ಹೊರಗೆ ಓಡಿ ನೋಡಿದೆ, ಕಾಲುವೆ ತುಂಬಿ ಧುಮುಕುತ್ತಿತ್ತು. ಒಳಗೆ ಬಂದೆ, ಮೌನ. ಮತ್ತೆ ಹೊರಗೆ, ಮತ್ತೆ ಒಳಗೆ. ಹತ್ತು ಚೀಲ ಜೋಳ ನಾರಾಯಣಪುರ ಅಣೆಕಟ್ಟಿನಿಂದ ಹರಿದು ಬಂದ ನೀರನ್ನು ಗೋಡೆಯಾಚೆಗೇ ತಡೆದು ನಿಲ್ಲಿಸಿತ್ತು! "ಮಹಾದೇವೀ!" ಎಂದು ನಾನು ಕೂಗಿದ್ದು ಖಾಜಾಸಾಬರ ಲೆಕ್ಕದಲ್ಲಿಯೂ ಒಳ್ಳೆಯ ಸ್ಪೀಕರಿನ ಕೂಗು.

ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ನಾನೇ ಅವಳ ತಲೆಗೆ ಹೆಡ್‌ಫೋನು ಏರಿಸಿದೆ. ಪದ ಮುಗಿಯುವವರೆಗೆ ಕಣ್ಣು ಮಿಟುಕಿಸದೆ ನಿಂತಳು.

"ಎರಡನೇ ನುಡಿಯಾಗ ಶ್ರುತಿ ತಪ್ಯಾದ," ಎಂದಳು. "ಆದ್ರ ಕಾಲುವಿ ಇಲ್ಲ. ಛಂದ ಬಂದದ್ರಿ."

"ಹಂಗಾದ್ರ ಖೋಲಿ?"

"ಖೋಲಿ ನಿಮ್ದು. ಚೀಲ ನಂದು. ಕೂಡಿ ಇರ್ರಿ."

ಆಮೇಲೆ ನಡೆದದ್ದೆಲ್ಲ ಮೆರವಣಿಗೆಯೇ. ಸುರಪುರದ ಮಾಸ್ತರರು, ಶಿರವಾಳದ ಭಜನೆಯವರು ನನ್ನ ಖೋಲಿಗೆ ಬಂದು ಹಾಡಿ ಹೋದರು. ಯಾದಗಿರಿಯ ಅಂಗಡಿಯವನಿಗೆ ಹೋಗಿ ಕ್ಷಮೆ ಕೇಳಿದೆ. ಈಗ ಅವನೇ ಗಿರಾಕಿಗಳನ್ನು ನನ್ನ ಬಳಿ ಸಲಹೆಗೆ ಕಳಿಸುತ್ತಾನೆ. ಯಾವ ಹೆಡ್‌ಫೋನು ತಗೊಳ್ಳಲಿ, ಯಾವ ಮಾನಿಟರು ತಗೊಳ್ಳಲಿ ಎಂದು ಕೇಳಿದವರಿಗೆಲ್ಲ ನನ್ನದು ಒಂದೇ ಮಾತು: ಮೊದಲು ಜೋಳ ತಗೋರಿ.

ಈಗ ಶ್ರಾವಣ. ಕಾಲುವೆಗೆ ಮತ್ತೆ ನೀರು ಬಿಟ್ಟಿದ್ದಾರೆ. ಮಕ್ಕಳೂ ಸೇರಿ ಮನೆಯಲ್ಲಿ ಐದು ಬಾಯಿ, ಮೇಲೆ ಹಾಡಲು ಬಂದವರ ಊಟ ಬೇರೆ. ಮೇಲಿನ ಮೂರು ಚೀಲ ಖಾಲಿಯಾಗಿ ಕಿಟಕಿಯ ತುದಿ ಇಣುಕುತ್ತಿದೆ. ಹೆಡ್‌ಫೋನಿನಲ್ಲಿ ದೂರದಿಂದ ಸಣ್ಣಗೆ "ಹೋ..." ಶುರುವಾಗಿದೆ. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದು ಬೆಳೆದ ನಾನು ಮೊನ್ನೆಯಿಂದ ನನಗೆ ಅನ್ನ ಸಾಕು ಎನ್ನತೊಡಗಿದ್ದೇನೆ. ನಿನ್ನೆ ಮಹಾದೇವಿ ನನ್ನ ಮುಖವನ್ನೂ ಖೋಲಿಯನ್ನೂ ಒಮ್ಮೆ ನೋಡಿ, ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಂದು ತಾಟಿಗೆ ಹಾಕಿದಳು. ಬೇಡವೆಂದೆ. ಬಲವಾಗಿಯೇ ಬೇಡವೆಂದೆ. ನಾಲ್ಕನೆಯ ರೊಟ್ಟಿ ಮುರಿಯುವಾಗ ಕಾಲುವೆ ನನಗೆ ಬರಿಗಿವಿಗೇ ಸ್ಪಷ್ಟವಾಗಿ ಕೇಳಿಸಿತು.