ಶಂಕ್ರಪ್ಪನ ಬೈಕ್ ಕಣಕ್ಕಿಳಿದದ್ದು

"ಬರೂ ಸೋಮವಾರ ನಿನ್ನ ತವರಿಗೆ ಬೈಕ್ ಮ್ಯಾಲೇ ಕರಕೊಂಡ ಹೋಗ್ತೇನಿ. ಇದು ಶಂಕ್ರಪ್ಪನ ಮಾತು!"

ತಿರ್ಲಾಪುರದ ಶಂಕ್ರಪ್ಪ ಹೀಗೆ ಗರ್ಜಿಸಿದ್ದು ಎಡಗೈಯ ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನವೇ. ಗರ್ಜನೆ ಗಟ್ಟಿಯಾಗಿಯೇ ಇತ್ತು. ಕೈಯಿಂದ ಮಾತ್ರ ಇನ್ನೂ ಮುಲಾಮಿನ ವಾಸನೆ ಹೋಗಿರಲಿಲ್ಲ. ಹೆಂಡತಿ ಶಿವಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಕೇಳಿದಳು:

"ಯಾಕ್ರಿ, ಸೋಮವಾರ ಬಸ್ ಬಂದ್ ಐತೇನು?"

ಈ ಬಸ್ಸಿನ ಮಾತೇ ಅವನ ಎದೆಗೆ ನಾಟುತ್ತಿದ್ದದ್ದು. ಜೋಡೆತ್ತು ಮಾರಿ, "ಎತ್ತಿನ ಬಾಲಾ ಹಿಡದು ತಿರಗೂ ಕಾಲ ಮುಗೀತು!" ಎಂದು ಊರಿಗೆಲ್ಲ ಸಾರಿ, ಕೆಂಪು ಬೈಕ್ ತಂದವನು ಅವನು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ನವಲಗುಂದಕ್ಕೆ ಹೊರಟ ಮೊದಲ ಮೆರವಣಿಗೆ ಊರ ಹೊರಗೇ ಮುಗಿದಿತ್ತು. ಓಡಾಡುವ ಗಾಡಿಗಳ ಗಾಲಿಗೆ ಸಿಕ್ಕಿ ಕಾಳು ಬಿಡಲಿ ಎಂದು ಮಾಬುಸಾಬ ರಸ್ತೆಯ ತುಂಬ ಹೆಸರಿನ ಕಾಯಿ ಹರವಿದ್ದ. ಶಂಕ್ರಪ್ಪ ಸರಿಯಾಗಿ ಅದರ ನಡುವೆ ಬ್ರೇಕ್ ಒತ್ತಿದ! ಶಿವಗಂಗವ್ವ ಹೆಸರಿನ ಗುಡ್ಡೆಯ ಮೇಲೆ ಗಾದಿಯ ಮೇಲೆ ಕೂತಂತೆ ಕೂತಳು. ಶಂಕ್ರಪ್ಪ ಮಹಾರಾಜರು ಎಡಗೈ ಉಳುಕಿಸಿಕೊಂಡು ಗಟಾರ ಸೇರಿದರು. ಅಂದಿನಿಂದ ಅವಳದು ಬಸ್ಸು. ಅವನಿಗೋ, ಅವಳು ಮತ್ತೊಮ್ಮೆ ಹಿಂದೆ ಕೂತರೆ ಸಾಕು, ಬೇರೆ ಯಾವ ಮರ್ಯಾದೆಯೂ ಬೇಡ ಎನಿಸಿತ್ತು.

ಮರುದಿನ ಬೈಕ್ ಹತ್ತಿದರೆ ಕಾಲು ನೆಲ ಬಿಟ್ಟು ಏಳಲೊಲ್ಲವು. ಶಿವಗಂಗವ್ವನೇ ದಾರಿ ತೋರಿದಳು.

"ಮೊದ್ಲ ನಮ್ಮ ಕಣದಾಗ ಹೊಡೀರಿ. ಬಿದ್ರ ಮೆತ್ತಗಿರ್ಲಿ ಅಂತ ಹೆಸರು ಹರವೇನಿ."

"ಹೆಸರ? ನನ್ನ ಕೆಡವಿದ್ದ ಅದಲೇ!"

"ಅದಕ್ಕ ಅಂತೇನಿ. ಎಲ್ಲಿ ಅಂಜಿಕಿ ಹತ್ತೇತಿ, ಅಲ್ಲೇ ಬಿಡಿಸ್ಬೇಕು."

ಎಂಥ ಜಾಣೆ! ಎಂಥ ಕಾಳಜಿ! ಶಂಕ್ರಪ್ಪನ ಕಣ್ಣು ಒದ್ದೆಯಾದವು. ಎರಡೂ ಕಾಲು ಎಳೆಯುತ್ತ ಕಣ ಸುತ್ತತೊಡಗಿದ. ಶಿವಗಂಗವ್ವ ನಡುವೆ ನಿಂತು ಕೂಗುತ್ತಿದ್ದಳು.

"ಅಂಚಿಗೂ ಬರ್ರಿ! ಯಾವಾಗ್ಲೂ ನಡುವ ಹೋಗಾಕ ರಸ್ತೆ ನಿಮ್ಮಪ್ಪಂದೇನು?"

ಅದೂ ಖರೆಯೇ ಅನಿಸಿ ಅಂಚಿಗೂ ಹೋದ. ಮಧ್ಯಾಹ್ನ ಬಾಜು ಮನೆಯ ಹಸೀನಾಬಿ ತಲೆಯ ಮೇಲೆ ಹೆಸರಿನ ಗಂಟು ಹೊತ್ತು ಬಂದಳು.

"ಅಣ್ಣಾ, ಪೆಟ್ಟಾದೀತ್ರಿ. ನಮ್ದೂ ಸ್ವಲ್ಪ ಹಾಸ್ತೀನಿ."

ಓಣಿಯವರಿಗೂ ತನ್ನ ಮೇಲೆ ಇಷ್ಟೊಂದು ಅಂತಃಕರಣವೇ! ಶಂಕ್ರಪ್ಪ ಉಬ್ಬಿಹೋದ. ಮೂರನೆಯ ದಿನಕ್ಕೆ ಕಾಲು ಮೇಲೆದ್ದವು. ಸಂಜೆಗೆ ಒಂದು ಕೈ ಬಿಟ್ಟು ಮೀಸೆಯನ್ನೂ ತಿರುವಿದ. ಅಷ್ಟರಲ್ಲಿ ಶಿವಗಂಗವ್ವ ಹಂತಿ ಪದ ಎತ್ತಿಕೊಂಡಳು. ಎತ್ತು ಕಟ್ಟಿ ರಾಶಿ ತುಳಿಸುವಾಗ ಅವಳು ಹಾಡುತ್ತಿದ್ದ ಪದ! ಎತ್ತು ಮಾರಿದ ಮೇಲೆ ಅವಳ ದನಿಯನ್ನು ಅವನು ಹೀಗೆ ಕೇಳಿರಲೇ ಇಲ್ಲ. ಸುಖದಲ್ಲಿ ಇನ್ನೂ ಹತ್ತು ಸುತ್ತು ಹೆಚ್ಚೇ ಹೊಡೆದ.

ಬೈಕ್ ನಿಲ್ಲಿಸಿ ನೋಡುತ್ತಾನೆ, ಹೆಂಡತಿ ಮೊರ ಹಿಡಿದು ಕಾಳು ತೂರುತ್ತಿದ್ದಾಳೆ. ಬಾಜೂಕ್ಕೆ ತುಂಬಿದ ಚೀಲಗಳು!

"ಏನಿದು?"

"ರಾಶಿ ರೀ. ಎತ್ತು ನೀವು ಮಾರೀರಿ, ಟ್ರ್ಯಾಕ್ಟರ್‌ನವ ಬರಲೊಲ್ಲ. ನೀವರ ಅಗದಿ ಛಲೋ ತುಳದ್ರಿ!"

"ಅಂದ್ರ ಮೂರ ದಿನ ನಾ ಎತ್ತ ಆಗಿದ್ನೇನು?"

"ಎತ್ತಿಗೆ ಹೊಟ್ಟು ಹಾಕ್ತಿದ್ದೆ. ನಿಮಗ ಹೋಳಿಗಿ ಹಾಕೇನಲ್ಲ?"

ಆ ರಾತ್ರಿ ಶಂಕ್ರಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಆದರೂ ಸೋಮವಾರ ಬೈಕ್ ತಂದು ಬಾಗಿಲಿಗೆ ನಿಲ್ಲಿಸಿದ. ಬಾಯಲ್ಲಿ ಗರ್ಜನೆ ಉಳಿದಿರಲಿಲ್ಲ.

"ಕೂಡ್ತೀಯೇನು?"

ಶಿವಗಂಗವ್ವ ದೂರದಲ್ಲಿ ಬರುತ್ತಿದ್ದ ಬಸ್ಸನ್ನು ನೋಡಿದಳು. ಅವನನ್ನು ನೋಡಿದಳು. ಸೆರಗು ಸಿಗಿಸಿಕೊಂಡು ಹತ್ತಿ ಕೂತು, ಹೆಗಲ ಮೇಲೆ ಕೈಯಿಟ್ಟಳು. ಶಂಕ್ರಪ್ಪನಿಗೆ ಜಗತ್ತೇ ಸಿಕ್ಕಂತಾಯಿತು.

ಊರ ಹೊರಗೆ ಅದೇ ಜಾಗ. ಮಾಬುಸಾಬ ಮತ್ತೆ ಹೆಸರು ಹರವಿದ್ದ! ಶಂಕ್ರಪ್ಪನ ಬೆರಳು ಬ್ರೇಕಿನತ್ತ ಹೊರಟವು.

"ಬ್ರೇಕ್ ಹಿಡೀಬ್ಯಾಡ್ರಿ. ನಮ್ಮ ಕಣ ಅಂತ ತಿಳೀರಿ" ಎಂದಳು ಹಿಂದಿನಿಂದ, ಮೆಲ್ಲಗೆ.

ಚರಚರ ಸದ್ದಾಯಿತು. ಬೈಕ್ ಒಂದಿಷ್ಟೂ ಅಲುಗದೆ ಆಚೆ ದಾಟಿತು! ಗೆದ್ದ ಪೈಲ್ವಾನನಂತೆ ಶಂಕ್ರಪ್ಪ ಗಾಡಿ ನಿಲ್ಲಿಸಿ ಹಿಂದಿರುಗಿ ನೋಡಿದರೆ, ಮಾಬುಸಾಬ ಕೈಬೀಸುತ್ತ ಓಡಿಬರುತ್ತಿದ್ದಾನೆ.

"ಶಂಕ್ರಪ್ಪಣ್ಣಾ, ನಿಂದರ್ರಿ! ಹಸೀನಾಬಿ ಎಲ್ಲಾ ಹೇಳ್ಯಾಳ. ನಮ್ದೂ ನಾಕ ಸುತ್ತ ತುಳದು ಹೋಗ್ರಿ!"

"ಮಾಬುಸಾಬ, ಇದು ಬೈಕ್. ಎತ್ತಲ್ಲ!" ಎಂದು ಎದೆ ಸೆಟೆಸಿದ ಶಂಕ್ರಪ್ಪ, ಬೆಂಬಲಕ್ಕಾಗಿ ಹೆಂಡತಿಯ ಕಡೆ ತಿರುಗಿದ. ಅವಳು ಆಗಲೇ ಕೈಚೀಲದ ಬಾಯಿ ಬಿಚ್ಚುತ್ತಿದ್ದಳು.

"ಪುಕ್ಕಟೆ ಆಗೂದಿಲ್ಲ ನೋಡು ಕಾಕಾ. ತವರಿಗೆ ಒಯ್ಯಾಕ ಒಂದ ಸೇರ ಹೆಸರ ಕೊಡಬೇಕು."

"ಕೊಡ್ತೇನಿ ಬೇ ತಂಗಿ!"

ಶಿವಗಂಗವ್ವ ಗಂಡನ ಬೆನ್ನ ಮೇಲೆ ಎರಡು ಸಲ ಮೆತ್ತಗೆ ಬಡಿದು, ಹಂತಿ ಪದಕ್ಕೆ ಗಂಟಲು ಸರಿಮಾಡಿಕೊಂಡಳು.

"ಹೂಂ, ತಿರುಗಸ್ರಿ. ಅಂಚಿಗೂ ಬರಬೇಕ ಮತ್ತ!"