ಹಾಲಸಿದ್ದನ ಹೆಸರಿನ ಉಣ್ಣಿಗಳು

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಸ್ಟೀಲಿನ ಡಬ್ಬಿ.

ಯುದ್ಧನೌಕೆಯೊಳಗೆ ಸ್ಟೀಲು ತರಬಾರದೆಂದು ಸಿಪಾಯಿ ಹಾಲಸಿದ್ದನಿಗೆ ಗೊತ್ತಿತ್ತು. ಅವ್ವ ಶಿವಗಂಗವ್ವನಿಗೂ ಹೇಳಿದ್ದ. "ಪ್ಲಾಸ್ಟಿಕಿನ್ಯಾಗ ಅಂಟಿನುಂಡಿ ಇಟ್ರ ವಾಸ್ನಿ ಹಿಡಿತಾವ. ನಿಮ್ಮ ಸಾಹೇಬಗ ಏನ ತಿಳಿತೈತಿ?" ಎಂದು ಆಕೆ ಹೋದ ರಜೆಯಲ್ಲಿ ಅವನ ಚೀಲದ ತಳಕ್ಕೆ, ಬನಿಯನ್ನುಗಳ ನಡುವೆ, ಡಬ್ಬಿ ತುರುಕಿಯೇ ಬಿಟ್ಟಿದ್ದಳು. ಒಂದು ಕಡೆ ನೆಗ್ಗಿದ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ ಹೆಸರು: 'ಹಾಲಸಿದ್ದ, ಬೇಡಕಿಹಾಳ.' ಹೆಸರಿಲ್ಲದ ಪಾತ್ರೆ ನಾಲ್ಕು ಮಂದಿಯ ಊಟದಲ್ಲಿ ಕಲೆತರೆ ತಿರುಗಿ ಮನೆ ಸೇರುವುದಿಲ್ಲ. ಇದು ಆ ಸೀಮೆಯ ಹೆಂಗಸರೆಲ್ಲ ಕಳೆದುಕೊಂಡು ಕಲಿತ ಪಾಠ.

ಯುದ್ಧ ನಡೆದದ್ದು ಚಂದ್ರನ ಆಚೆ. ವೈರಿಗಳು ಮನುಷ್ಯರಲ್ಲ, ಎಂಟು ಕಾಲಿನ ಯಂತ್ರಗಳು. ಕಬ್ಬಿಣ ತಿನ್ನುವುದು, ತಿಂದು ಬೆಳೆಯುವುದು, ಬೆಳೆದು ತನ್ನಂಥದೇ ಇನ್ನೊಂದನ್ನು ಹಡೆಯುವುದು, ಇಷ್ಟೇ ಅವುಗಳ ಬಾಳು. ಎಮ್ಮೆಯ ಕಿವಿಗೆ ಹತ್ತಿದ ಹಾಗೆ ನೌಕೆಗಳಿಗೆ ಹತ್ತುತ್ತಿದ್ದವೆಂದು ತುಕಡಿಯವರು ಅವನ್ನು ಉಣ್ಣಿ ಎಂದೇ ಕರೆಯುತ್ತಿದ್ದರು.

ತುಕಡಿ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹುಡುಗರದು. ಅವರ ಜೊತೆ ಸೇರಿ ಹೋರಾಡುತ್ತಿದ್ದವರು ಯಾವುದೋ ದೂರದ ನಕ್ಷತ್ರದ ಜನ. ಮನೆಗೆ ಬಂದ ನೆಂಟರನ್ನು ಕರೆಯುವಂತೆ ಅವರನ್ನೂ 'ಪಾವಣ್ಯಾರು' ಎನ್ನುತ್ತಿದ್ದರು. ಪಾವಣ್ಯಾರ ಮೈ ಬದನೆಕಾಯಿಯ ಬಣ್ಣದ್ದು. ಬಾಯಿ ಮೂರು: ಒಂದು ಉಣ್ಣಲು, ಒಂದು ಮಾತಾಡಲು, ಇನ್ನೊಂದು ತಕರಾರು ಹೇಳಲು. ಅವರ ನಾಯಕಿಯ ಹೆಸರು ಹೇಳಬೇಕಾದರೆ ಮೂರೂ ಬಾಯಿ ಬೇಕು. ಒಂದೇ ಬಾಯಿಯ ನಮ್ಮವರು ಆಕೆಯನ್ನು ಚನ್ನವ್ವ ಎಂದು ಕರೆದು ಕೈತೊಳೆದುಕೊಂಡಿದ್ದರು.

ಅಂದು ಸಂಜೆ ಹಾಲಸಿದ್ದ ಕಬ್ಬೂರಿಗೆ ಕನ್ಯೆ ನೋಡಲು ಹೋಗಬೇಕಿತ್ತು. ಮೂವತ್ತಾರು ದಾಟಿದ ಗಂಡಿಗೆ ಈ ಕಾಲದಲ್ಲಿ ಕನ್ಯೆ ಸಿಗುವುದೆಂದರೆ ಮೊದಲ ಬೋರಿಗೇ ಸಿಹಿನೀರು ಬಿದ್ದಂತೆ. ಈ ಮೊದಲು ಕೇಳಿದ ಕಡೆಯಲ್ಲೆಲ್ಲ "ಗಂಡ ಚಂದ್ರನ ಆಚಿ ಇದ್ರ ಬಾಜಾರಕ್ಕ ಹೋಗೋರ್ಯಾರು?" ಎಂದು ತಳ್ಳಿಹಾಕಿದ್ದರು. ಲಗಮಣ್ಣನ ಮಗಳು ಸ್ನೇಹಲ ಒಬ್ಬಳೇ "ಬರ್ಲಿ, ನೋಡೂಣು" ಎಂದಿದ್ದಳು. ಲಗಮಣ್ಣ ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದ: "ಇವತ್ತ ಸಂಜೀಕ ಬಂದ್ರ ಬಂದಾಂಗ. ನಾಳೆ ನಿಪ್ಪಾಣಿ ತಂಬಾಕ ವ್ಯಾಪಾರಿ ಮಗಾ ಬರಾಂವ ಅದಾನ."

ಮಧ್ಯಾಹ್ನದ ಗಾಡಿಗೆ ಭೂಮಿಗೆ ಇಳಿಯುವುದೆಂದು ಗಡ್ಡ ಹೆರೆದುಕೊಂಡ ಹಾಲಸಿದ್ದ, ಉಳಿದ ಕೊನೆಯ ಉಂಡಿ ತಿನ್ನಲು ಡಬ್ಬಿ ತೆಗೆದು ಹಾಸಿಗೆಯ ಮೇಲಿಟ್ಟ. ಅಷ್ಟರಲ್ಲಿ ತೋಪಿನ ಪಾಳಿ ಮುಗಿಸಿ ಬಂದ ಗೆಳೆಯ ಶಮಶೇರ ಬೂಟು ಕಳಚಿದ. ಬೂಟಿನೊಳಗಿಂದ ಬೆರಳುಗಾತ್ರದ ಎಳೆ ಉಣ್ಣಿಯೊಂದು ಜಾರಿ ಬಿತ್ತು. ಬೆಲ್ಲಕ್ಕೆ ಇರುವೆ ಬಂದಂತೆ ನೇರ ಬಂದು ಡಬ್ಬಿಯನ್ನು ಕುರುಕುರು ತಿಂದು, ಮುಚ್ಚಳವನ್ನು ಬೆನ್ನಿಗೆ ಹೊದ್ದುಕೊಂಡಿತು.

"ಲೇ ಶಮಶೇರ, ಬೂಟಿನ್ಯಾಗ ಏನ ತಂದಿ ನೋಡೋ!"

"ನಾ ತಂದಿದ್ದ ಉಪಾಸ ಇತ್ತಪಾ. ಉಣ್ಣಾಕ ಹಾಕಿದಾಂವ ನೀ," ಎಂದ ಶಮಶೇರ.

ಇಬ್ಬರೂ ಕಸಬರಿಗೆ ಹಿಡಿದು ಬೆನ್ನಟ್ಟುವಷ್ಟರಲ್ಲಿ ಅದು ಹಡೆದಿತ್ತು. ಮರಿಯ ಬೆನ್ನ ಮೇಲೂ ಅದೇ ಮುಚ್ಚಳ, ಅದೇ ನೆಗ್ಗು, ಅದೇ ಹೆಸರು. ಕಬ್ಬಿನ ಗಣಿಕೆಗೆ ಕಣ್ಣೊಡೆದಂತೆ ಒಂದರ ಬೆನ್ನಿಗೆ ಒಂದು ಹುಟ್ಟುತ್ತ ಮಂಚದ ಕೆಳಗೆಲ್ಲ ಹಾಲಸಿದ್ದ, ಬೇಡಕಿಹಾಳ, ಹಾಲಸಿದ್ದ, ಬೇಡಕಿಹಾಳ. ಗದ್ದಲ ಕೇಳಿ ಸುಬೇದಾರ ಬಸವಂತ ಓಡಿ ಬಂದ. ಒಂದು ಮರಿಯನ್ನು ಇಕ್ಕಳದಲ್ಲಿ ಎತ್ತಿ, ಕನ್ನಡಕ ಏರಿಸಿ ಓದಿದ.

"ಎರಡ ಲೋಕದ ಶಾಣ್ಯಾರು ಕೂಡಿ ಈ ವೈರಿ ಎಲ್ಲಿಯಾಂವ ಅಂತ ಹುಡುಕಾಕತ್ತಾರ. ಬೇಡಕಿಹಾಳದಾಂವ ಅಂತ ಯಾರಿಗಿ ಗೊತ್ತಿತ್ತಲೇ!"

"ಸಾಹೇಬ್ರ, ಅದು ನಮ್ಮವ್ವನ ಡಬ್ಬಿರಿ..."

"ಮಧ್ಯಾಹ್ನದೊಳಗ ಎಲ್ಲಾ ಹಿಡದ ತಂದ್ರ ರಜಾ. ಇಲ್ಲಾಂದ್ರ ನಿನ್ನ ಕನ್ಯಾ ಜೇಲಿಗಿ ಬಂದ ನೋಡ್ಬೇಕು ನಿನ್ನ!"

ಹಿಡಿಯುವುದೆಲ್ಲಿ? ಅವು ಕಸ ಚೆಲ್ಲುವ ಕೊಳವೆಯಿಂದ ಹೊರಗೆ ಹಾರಿ ತಮ್ಮ ದಂಡನ್ನು ಸೇರಿಕೊಂಡವು. ಉಣ್ಣಿಗಳ ದಂಡಿನಲ್ಲಿ ಹೊಸ ಬೆನ್ನು ಕಂಡದ್ದೇ ತಡ, ಮದುವೆಮನೆಯಲ್ಲಿ ಒಬ್ಬಳ ಸೀರೆ ನೋಡಿ ಉಳಿದವರೂ ಅಂಥದನ್ನೇ ಹಟ ಮಾಡಿದಂತಾಯಿತು. ಊಟದ ಗಂಟೆ ಹೊಡೆಯುವಾಗ ಶಮಶೇರ ದುರ್ಬೀನು ಹಚ್ಚಿ ನೋಡಿ ಕೂಗಿದ: "ದೋಸ್ತ, ಆಕಾಶ ತುಂಬ ನಿನ್ನ ಹೆಸರ ಐತೋ! ಎಮ್ಮೆಲ್ಲೆ ಎಲೆಕ್ಷನ್ನಿಗೂ ಇಷ್ಟ ಬ್ಯಾನರ ಕಟ್ಟೂದಿಲ್ಲ!"

ಹಾಲಸಿದ್ದ ಜೇಲಿನ ಬಾಗಿಲು ಕಂಡವನಂತೆ ಕುಸಿದು ಕೂತ. ಆಗ ಚನ್ನವ್ವ ಬಂದಳು. ಸಿಪಾಯಿಗಳಿಂದಲೇ ಕಲಿತ ಕನ್ನಡದಲ್ಲಿ ಮಾತಿನ ಬಾಯಿ ತೆರೆದಳು:

"ಇವನ್ನ ಮಾಡಿದಾವ್ರು ಎಂದೋ ಸತ್ತ ಹೋಗ್ಯಾರ. ಸಾಕ ಅನ್ನೋರಿಲ್ದ ಹಡಕೋತ ಹೊಂಟಾವ. ಈಗ ಬೆನ್ನ ಮ್ಯಾಲ ಯಜಮಾನನ ಹೆಸರ ಬಂದೈತಿ. ಅಂವ ಹೇಳಿದ್ರ ಕೇಳ್ತಾವ." ಕೂಡಲೇ ತಕರಾರಿನ ಬಾಯಿ ಬೇರೆ ತೆರೆಯಿತು: "ಇಷ್ಟ ವರ್ಷ ಇದನ್ನ ನನ್ನ ಯಾರರೆ ಕೇಳಿದ್ರೇನು? ಬರೇ ಚಾ ಕುಡದ ಹೋಗ್ರಿ ಅಂದ್ರಿ!"

ಬಸವಂತ ಹಾಲಸಿದ್ದನ ಕೊರಳಪಟ್ಟಿ ಹಿಡಿದೆತ್ತಿ ರೇಡಿಯೊದ ಮೈಕಿನ ಮುಂದೆ ನಿಲ್ಲಿಸಿದ. ಏನು ಹೇಳಬೇಕೋ ತೋಚದೆ, ಹಾಲಸಿದ್ದ ಚಿಕ್ಕಂದಿನಲ್ಲಿ ತಾನು ಮನೆಯಲ್ಲಿ ದಿನಾ ಕೇಳಿದ ಮಾತನ್ನೇ ಅಂದ: "ಸಾಕ್ರೋ! ಗಪ್ಪ ಕುಂದರ್ರಿ!"

ಆಕಾಶವೇ ನಿಂತಿತು. ತಿನ್ನುತ್ತಿದ್ದದ್ದು ತಿನ್ನುವುದನ್ನು ಬಿಟ್ಟಿತು, ಹಡೆಯುತ್ತಿದ್ದದ್ದು ಅರ್ಧಕ್ಕೇ ನಿಲ್ಲಿಸಿತು. ವರ್ಷಗಟ್ಟಲೆ ನಮ್ಮ ಸಿಪಾಯಿಗಳು ರೇಡಿಯೊದಲ್ಲಿ ಮನೆಯವರ ಜೊತೆ ಆಡಿದ ಮಾತನ್ನು ಕದ್ದು ಕೇಳಿಯೇ ಕನ್ನಡ ಕಲಿತಿದ್ದ ಉಣ್ಣಿಗಳು ಒಂದೇ ದನಿಯಲ್ಲಿ ಉತ್ತರ ಕೊಟ್ಟವು:

"ಹೂಂ ಅಪ್ಪಾ."

ಯುದ್ಧ ಮುಗಿಯಿತು. ಬೆಳಿಗ್ಗೆ ಕಳ್ಳಮಾಲಾಗಿದ್ದ ಡಬ್ಬಿ ಮಧ್ಯಾಹ್ನ ಗುಪ್ತ ಅಸ್ತ್ರವಾಯಿತು. ಅದನ್ನು ತಾನೇ ಯೋಚಿಸಿ ತರಿಸಿದ್ದೆಂದು ಬಸವಂತ ಮೇಲಿನವರಿಗೆ ವರದಿ ಮಾಡಿದ. ಮೇಲಿನವರು ತಾವೇ ಯೋಚಿಸಿದ್ದೆಂದು ಅವರ ಮೇಲಿನವರಿಗೆ ಹೇಳಿದರು. ಹಾರ ಬಂತು, ಬಸವಂತನ ಕೊರಳಿಗೆ ಬಿತ್ತು. ವಿಜಯದ ಫೋಟೊದಲ್ಲಿ ಹಾಲಸಿದ್ದನ ಎಡ ಮೊಣಕೈ ಸ್ಪಷ್ಟವಾಗಿ ಬಂದಿತ್ತು.

"ಸಾಹೇಬ್ರ, ಯುದ್ಧ ಮುಗೀತಲ್ರಿ. ರಜಾ?" ಎಂದ ಮೊಣಕೈಯ ಒಡೆಯ.

"ಹುಚ್ಚ ಅದಿಯೇನ? ನೀ ಕೆಳಗ ಹ್ವಾದ ಕೂಡ್ಲೇ ಇವು ಹಡ್ಯಾಕ ಸುರು ಮಾಡಿದ್ರ ಸಾಕ ಅನ್ನೋರ್ಯಾರು? ಯುದ್ಧ ಇದ್ದಾಗ ರಜಾ ಕೊಡಬೌದಿತ್ತು. ಶಾಂತಿ ಆದಮ್ಯಾಲ ಎಲ್ಲೀದಲೇ ರಜಾ!"

ಹಾಲಸಿದ್ದ ಕಬ್ಬೂರಿಗೆ ಫೋನು ಹಚ್ಚಿ, ಕನ್ಯೆಯನ್ನು ಫೋನಿನಲ್ಲೇ ನೋಡಬಹುದೇ ಎಂದು ಕೇಳಿದ. ಲಗಮಣ್ಣ ಸಿಡಿದ: "ಫೋನಿನ್ಯಾಗ ತೋರಸಾಕ ನಮ್ಮ ಹುಡಿಗಿ ಏನ ಟೀವಿ ಸೀರಿಯಲ್ಲೇನ್ರಿ? ಹಾದಿ ನೋಡಕೋತ ಕುಂತೇವಿ. ನಿಮ್ಮ ಕಡೀಂದ ಒಬ್ಬರರೆ ಬರ್ಬೇಕು."

"ಒಬ್ಬರರೆ ಅಂದನಲ್ಲ," ಎಂದು ಶಮಶೇರ ಕಣ್ಣು ಮಿಟುಕಿಸಿದ, "ನಿನ್ನ ಮಕ್ಕಳಾಗ ಒಬ್ಬನ್ನ ಕಳಿಸು. ತಡಾ ಆಗತೈತಿ, ಮುಂದಿನ ವಾರ ಬರ್ತಾರ ಅಂತ ಹೇಳಿ ಬರ್ತಾನ."

ಬೇರೆ ದಾರಿಯಿರಲಿಲ್ಲ. ತಿಂದು ಆಳೆತ್ತರ ಬೆಳೆದಿದ್ದ ಒಂದು ಉಣ್ಣಿಯನ್ನು ಆರಿಸಿದರು. ಚನ್ನವ್ವ ಅದನ್ನು ಬೂದಿ ಹಚ್ಚಿ ತಿಕ್ಕಿ ಬೆಳಗಿದಳು. ಶಮಶೇರ ಅತ್ತರು ಪೂಸಿ, ತಲೆಗೊಂದು ರುಮಾಲು ಸುತ್ತಿ, "ಏನ ಕೇಳಿದ್ರೂ 'ಹೂಂ ರಿ' ಅನ್ನು, ಎದುರ ಮಾತಾಡಬ್ಯಾಡ," ಎಂದು ಬುದ್ಧಿ ಹೇಳಿದ. ಮಧ್ಯಾಹ್ನದ ಗಾಡಿಯಲ್ಲಿ ಹಾಲಸಿದ್ದನ ಜಾಗದಲ್ಲಿ ಅದು ಕೂತು ಹೋಯಿತು.

ಸಂಜೆಯವರೆಗೆ ಹಾಲಸಿದ್ದ ಬಸಿರಿಯ ಗಂಡನ ಹಾಗೆ ಅತ್ತಿಂದಿತ್ತ ತಿರುಗಿದ. ಕಡೆಗೂ ಪರದೆ ಬೆಳಗಿತು. ಲಗಮಣ್ಣನ ಪಡಸಾಲೆ. ಶಿವಗಂಗವ್ವ ಅಲ್ಲೇ ಕೂತು ಅವಲಕ್ಕಿ ತಿನ್ನುತ್ತಿದ್ದಳು.

"ನಮಸ್ಕಾರ್ರಿ ಬೀಗರ," ಎಂದ ಲಗಮಣ್ಣ.

"ಬೀಗರ? ನಾ ಅಳಿಯಾ ಆಗಾಂವರಿ ಮಾವಾರ!"

"ಅದ ಮೊದಲಿನ ಮಾತಾತ್ರಿ. ಮುಂದಿನ ವಾರ ಬರ್ತಾರ ಅಂತ ನಿಮ್ಮ ಮಗಾ ಹೇಳ್ದ. ಬರ್ತೇನಿ ಬರ್ತೇನಿ ಅನ್ನಾಂವಗಿಂತ ಬಂದ ಕುಂತಾಂವ ಚಲೋ ಅಂದ್ಳು ನಮ್ಮ ಸ್ನೇಹಲ. ಕುಡ್ಯೂದಿಲ್ಲ, ಗುಟಕಾ ಇಲ್ಲ, ಮೊಬೈಲ ಹಿಡ್ಯೂದಿಲ್ಲ. ಚಾ ಕುಡದ ಕಪ್ಪ ತೊಳೀರಿ ಅಂದ್ರ ಅವನ್ನಷ್ಟ ತೊಳೀಲಿಲ್ಲ, ಇಡೀ ಅಡಗಿಮನಿ ತೊಳದ! ಇಂಥಾ ಗಂಡ ನಮ್ಮ ಸೀಮ್ಯಾಗ ಎಲ್ಲಿ ಹುಟ್ಯಾನ್ರಿ?"

"ಅವ್ವಾ, ನೀನರೆ ಹೇಳಬಾರದೇನ!"

"ಏನ ಹೇಳ್ಲಿ?" ಎಂದಳು ಶಿವಗಂಗವ್ವ ಅವಲಕ್ಕಿಯ ಬಾಯಲ್ಲಿ. "ಬೆನ್ನಿನ ಮ್ಯಾಲ ನಿನ್ನ ಹೆಸರ ಐತಿ. ಮನೀ ಸಾಮಾನ ಮನಿಗೇ ಬಂತಲ್ಲ. ಸಕ್ಕರಿ ಪುಡಿ ಕೊಟ್ಟ ನಿಶ್ಚಯಾನೂ ಮುಗಿಸಿಬಿಟ್ವಿ."

ಸ್ನೇಹಲ ಪರದೆಯ ಮುಂದೆ ಬಂದಳು. ಹಾಲಸಿದ್ದ ಆಕೆಯನ್ನು ನೋಡಿದ್ದು ಅದೇ ಮೊದಲು. ಎದೆ ಹಿಂಡುವಷ್ಟು ಚೆಲುವಾಗಿದ್ದಳು. ತಲೆ ಮೇಲೆ ಸೆರಗೆಳೆದುಕೊಂಡು, ಬಾಗಿ, "ಆಶೀರ್ವಾದ ಮಾಡ್ರಿ ಮಾವಾರ," ಎಂದಳು.

ಬಸವಂತ ಹಿಂದಿನಿಂದ ಬಂದು ಅವನ ಬೆನ್ನು ತಟ್ಟಿದ. "ಮಂಜೂರಾತಲೇ ನಿನ್ನ ರಜಾ! ಕನ್ಯಾ ನೋಡಾಕ ಕೊಡಾಕ ಬರೂದಿಲ್ಲ. ಮಗನ ಮದವಿಗಿ ಅಂದ್ರ ರೂಲಿನ್ಯಾಗ ಐತಿ."

ಅಷ್ಟರಲ್ಲಿ ರೇಡಿಯೊ ಗರಗರ ಎಂದಿತು. ಕಿಟಕಿಯ ಹೊರಗೆ, ಚಂದ್ರನಿಂದ ಕಣ್ಣು ಹಾಯುವವರೆಗೂ ಗಪ್ಪಾಗಿ ಸಾಲು ಹಿಡಿದು ಕೂತಿದ್ದ ಲಕ್ಷಾಂತರ ಉಣ್ಣಿಗಳು ಸುದ್ದಿ ಕೇಳಿಸಿಕೊಂಡಿದ್ದವು. ಎಲ್ಲವೂ ಒಟ್ಟಿಗೆ ಕೇಳಿದವು:

"ಅಪ್ಪಾ, ನಮ್ಮದ ಯಾವಾಗ?"